ತುತ್ತು ಹಾಕುವ ಕೈ ಸೂಜಿಯನ್ನೂ ಹಾಕಿಸಲಿ

ತಮ್ಮಾ,

ರಾತ್ರಿ ಖಾನಾವಳಿಗಳು ಬಾಗಿಲು ಹಾಕುವ ಹೊತ್ತಿಗೆ ನೀನು ಉಳಿದ ಅನ್ನ, ರೊಟ್ಟಿ ಕೂಡಿಸಿಕೊಂಡು ಬೀದಿ ನಾಯಿಗಳಿಗೆ ಹಾಕಲು ಹೊರಡುವುದು ಯಡ್ರಾಮಿಯಲ್ಲಿ ಈಗ ಎಲ್ಲರಿಗೂ ಗೊತ್ತು. ಕೆಲವರು ನಗುತ್ತಾರೆ, ಕೆಲವರು ಬೈಯುತ್ತಾರೆ. ಒಬ್ಬಿಬ್ಬರು ಮಾತಿಲ್ಲದೆ ಮನೆಯ ರೊಟ್ಟಿ ತಂದು ನಿನ್ನ ಚೀಲಕ್ಕೆ ಹಾಕುತ್ತಾರೆ. ಆ ಒಬ್ಬಿಬ್ಬರ ಜೊತೆ ನನ್ನನ್ನೂ ಸೇರಿಸಿಕೊ.

ಹಿರಿಯನಾಗಿ ನಿನಗೆ ಹೇಳಬೇಕಾದದ್ದು ಒಂದೇ ಮಾತು. ಉಳಿದದ್ದೆಲ್ಲ ಅದರ ವಿವರ. ಹಸಿದ ನಾಯಿಗೆ ಅನ್ನ ಹಾಕುವುದು ಒಳ್ಳೆಯ ಕೆಲಸ. ಆದರೆ ಅನ್ನ ಹಾಕಿದವನೇ ಅದಕ್ಕೆ ಹುಚ್ಚುನಾಯಿ ರೋಗದ ಸೂಜಿ ಹಾಕಿಸಬೇಕು, ಮರಿಯಾಗದಂತೆ ಆಪರೇಷನ್ ಮಾಡಿಸಬೇಕು. ಈ ಮೂರೂ ಕೂಡಿದಾಗಲೇ ನಿನ್ನ ದಯೆ ಪೂರ್ತಿಯಾಗುವುದು. ಬರೀ ಅನ್ನಕ್ಕೆ ನಿಂತರೆ ನಾಯಿಗೂ ನೆಮ್ಮದಿಯಿಲ್ಲ, ಊರಿಗೂ ಇಲ್ಲ.

ಮೊದಲು ನಗುವವರ ವಿಷಯ ಮುಗಿಸೋಣ. ನಾಯಿಗೆ ಉಣಿಸುವುದು ದೊಡ್ಡ ಪಟ್ಟಣದವರ ಶೋಕಿ ಎಂದು ಯಾರಾದರೂ ಅಂದರೆ ಅರಳಗುಂಡಗಿಯ ಕಡೆ ಕೈ ತೋರಿಸು. ನಮ್ಮ ಸೀಮೆಯ ಆ ಊರಿನಲ್ಲೇ 18ನೆಯ ಶತಮಾನದಲ್ಲಿ ಶರಣಬಸವೇಶ್ವರರು ಒಕ್ಕಲುತನ ಮಾಡಿಕೊಂಡಿದ್ದರು. ಹೊಲಕ್ಕೆ ಬಂದ ಹಕ್ಕಿಗಳನ್ನು ಕವಣೆ ಬೀಸಿ ಓಡಿಸದೆ, ತಿಂದ ಹಕ್ಕಿಗೆ ಕುಡಿಯಲು ನೀರನ್ನೂ ಇಟ್ಟರೆಂಬ ಕಥೆಯನ್ನು ನಮ್ಮ ಕಡೆಯ ಅಜ್ಜಿಯರು ಇಂದಿಗೂ ಹೇಳುತ್ತಾರೆ. ಮುಂದೆ ಕಲಬುರಗಿಯಲ್ಲಿ ಅವರು ನಡೆಸಿದ ದಾಸೋಹದ ಬೇರು ಆ ಹೊಲದಲ್ಲೇ ಇತ್ತು. ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಹೋಗಿ ನೋಡು. ಭೀಮಾ, ಅಮರಜಾ ಕೂಡುವ ಆ ಕ್ಷೇತ್ರದಲ್ಲಿ ಎಲ್ಲಿ ನೋಡಿದರೂ ದತ್ತಾತ್ರೇಯನ ಪಟ, ಪ್ರತಿ ಪಟದಲ್ಲೂ ಅವನ ಕಾಲಬುಡದಲ್ಲಿ ನಾಲ್ಕು ನಾಯಿಗಳು. ಅವು ನಾಲ್ಕು ವೇದಗಳೆಂದು ಹಿರಿಯರು ಹೇಳುತ್ತಾರೆ. ಮಧ್ಯಾಹ್ನ ಮಾಧುಕರಿಯ ಹೊತ್ತಿಗೆ ಗುರು ಯಾವ ರೂಪದಲ್ಲಾದರೂ ಭಿಕ್ಷೆಗೆ ಬರಬಹುದೆಂದು ನಂಬಿ, ಬಂದವರಿಗೆಲ್ಲ ಉಣ್ಣಲಿಕ್ಕಿಡುವ ಊರು ಅದು. ಯಾದಗಿರಿ ಕಡೆಯ ಮೈಲಾಪುರದಲ್ಲಿ ಸಂಕ್ರಾಂತಿಗೆ ಮೈಲಾರಲಿಂಗನ ಜಾತ್ರೆ ನಡೆಯುತ್ತದೆ. ಆ ದೇವರ ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿ ಸೇವೆ ಮಾಡುತ್ತಾರೆ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಆತಕೂರಿನ ಶಾಸನವಿದೆ. ನಮ್ಮ ಜಿಲ್ಲೆಯ ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧವಾದದ್ದು 949ರಲ್ಲಿ. ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗನು ತನ್ನ ವೀರ ಮಣಲೇರನಿಗೆ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಮಣಲೇರನು ಅದರ ನೆನಪಿಗೆ ಮಂಡ್ಯ ಸೀಮೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಡಿಸಿದನು. ಸಾವಿರ ವರ್ಷದ ಹಿಂದೆ ಕನ್ನಡ ನಾಡಿನಲ್ಲಿ ಒಂದು ನಾಯಿಗೆ ಕಲ್ಲು ನಿಂತಿದೆ. ಆದ್ದರಿಂದ ನೀನು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ನೀನು ಹೊಸದೇನೂ ಹುಟ್ಟುಹಾಕಿಲ್ಲ, ಈ ಮಣ್ಣಿನ ಹಳೆಯ ನಡತೆಯೊಂದನ್ನು ಮುಂದುವರಿಸಿದ್ದೀ.

ಇನ್ನು ಕಷ್ಟದ ಮಾತಿಗೆ ಬರುತ್ತೇನೆ. ಒಂದು ಹೆಣ್ಣು ನಾಯಿ ಗಬ್ಬಾಗಿ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ವರ್ಷಕ್ಕೆ ಎರಡು ಸಲ ಬೆದೆಗೆ ಬರಬಲ್ಲದು. ಒಂದು ಸೂಲಿಗೆ ನಾಲ್ಕು, ಐದು, ಆರು ಕುನ್ನಿಗಳು. ವರ್ಷ ತುಂಬುವುದರೊಳಗೆ ಆ ಹೆಣ್ಣು ಕುನ್ನಿಗಳೂ ಬೆದೆಗೆ ಬರುತ್ತವೆ. ಹೊಟ್ಟೆ ತುಂಬಿದ ನಾಯಿ ಹೆಚ್ಚು ಮರಿ ಉಳಿಸಿಕೊಳ್ಳುತ್ತದೆ ಎಂಬುದು ಕುರಿ, ಆಡು ಕಟ್ಟಿದ ಮನೆಯಲ್ಲಿ ಬೆಳೆದ ನಿನಗೆ ಹೇಳಬೇಕಾಗಿಲ್ಲ. ಯಡ್ರಾಮಿ ಜೇವರ್ಗಿಯಿಂದ ಬೇರೆಯಾಗಿ ತಾಲ್ಲೂಕು ಕೇಂದ್ರವಾದ ಮೇಲೆ ಹೋಟೆಲು, ಮಾಂಸದ ಅಂಗಡಿ, ಸಂತೆ, ವಾಹನ ಎಲ್ಲವೂ ಹೆಚ್ಚಾದವು. ತಿನ್ನಲು ಸಿಗುವ ಕಸವೂ ಹೆಚ್ಚಿತು, ನಾಯಿ ಸಾಯುವ ದಾರಿಗಳೂ ಹೆಚ್ಚಿದವು. ಹುಟ್ಟಿದ ಕುನ್ನಿಗಳಲ್ಲಿ ಎಷ್ಟೋ ಗಾಲಿಗೆ ಸಿಕ್ಕಿ, ಎಷ್ಟೋ ಪಾರ್ವೊ ರೋಗ ಬಂದು ರಕ್ತ ಭೇದಿಯಾಗಿ, ಎಷ್ಟೋ ಏಪ್ರಿಲ್ ಬಿಸಿಲಿಗೆ ನೀರಿಲ್ಲದೆ ಸಾಯುತ್ತವೆ. ಉಳಿದವು ಗುಂಪು ಕಟ್ಟುತ್ತವೆ. ಆ ಗುಂಪಿನಲ್ಲಿ ಒಂದು ನಾಯಿ ಒಂದು ಮಗುವಿಗೆ ಕಚ್ಚಿತೆಂದರೆ ಸಿಟ್ಟೆಲ್ಲ ಎಲ್ಲ ನಾಯಿಗಳ ಮೇಲೆ ಬರುತ್ತದೆ, ಜೊತೆಗೆ ನಿನ್ನ ಮೇಲೂ ಬರುತ್ತದೆ. ನೀನು ಪ್ರೀತಿಯಿಂದ ಹಾಕಿದ ತುತ್ತು ಈ ಸಂಕಟವನ್ನು ಬೆಳೆಸಬಾರದು ಎಂದಿದ್ದರೆ ಸಂತಾನಹರಣವನ್ನು ಮರೆಯುವಂತಿಲ್ಲ.

ಹಾಗಾದರೆ ಅನ್ನ ಹಾಕುವುದನ್ನೇ ನಿಲ್ಲಿಸಲೇ ಎಂದು ಕೇಳಬೇಡ. ಅನ್ನ ನಿಲ್ಲಿಸಿದರೆ ಉಳಿದ ಎರಡು ಕೆಲಸವೂ ಆಗುವುದಿಲ್ಲ. ಬೀದಿಯ ನಾಯಿಯನ್ನು ಹಿಡಿಯುವುದು ಎಷ್ಟು ಕಷ್ಟವೆಂದು ಹಿಡಿಯಲು ಬಂದವರನ್ನು ಕೇಳು. ಬಲೆ ಕಂಡರೆ ಓಣಿ ಬಿಟ್ಟು ಹೊಲಕ್ಕೆ ಓಡುತ್ತವೆ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಉಣಿಸಿದವನ ದನಿ ಕೇಳಿದರೆ ಅದೇ ನಾಯಿ ಬಾಲ ಅಲ್ಲಾಡಿಸುತ್ತ ಬಂದು ನಿಲ್ಲುತ್ತದೆ. ಯಾವ ನಾಯಿಯ ಮೈ ಮುಟ್ಟಬಹುದು, ಯಾವುದು ಅಂಜುಬುರುಕ, ಯಾವುದು ಗಬ್ಬಾಗಿದೆ, ಯಾವುದು ಹೊಸದಾಗಿ ಬಂದದ್ದು, ಯಾವುದು ಎರಡು ದಿನದಿಂದ ಅನ್ನ ಮುಟ್ಟಿಲ್ಲ ಎಂಬುದು ಊರಿನಲ್ಲಿ ಉಣಿಸುವವನಿಗೆ ಮಾತ್ರ ಗೊತ್ತು. ಆ ನಂಬಿಕೆಯೇ ನಿನ್ನ ನಿಜವಾದ ಗಳಿಕೆ. ಅದನ್ನು ಸೂಜಿಗೆ, ಆಪರೇಷನ್‌ಗೆ ಬಳಸಿಕೊ.

ಆದ್ದರಿಂದ ಒಂದು ನೋಟ್‌ಬುಕ್ ಇಡು. ಓಣಿವಾರು ಬರೆ: ನಾಯಿಯ ಬಣ್ಣ, ಗುರುತು, ಗಂಡೋ ಹೆಣ್ಣೋ, ಅಂದಾಜು ವಯಸ್ಸು, ಸೂಜಿ ಯಾವಾಗ ಆಯಿತು, ಆಪರೇಷನ್ ಆಗಿದೆಯೋ ಇಲ್ಲವೋ. ಮೊಬೈಲಿನಲ್ಲಿ ಒಂದೊಂದು ಫೋಟೊ ತೆಗೆದಿಡು. ಪಂಚಾಯಿತಿಗೆ ಹೋದಾಗ ನಾಯಿಗಳು ಬಹಳ ಆಗಿವೆ ಎಂದರೆ ಯಾರೂ ಕಿವಿಗೊಡುವುದಿಲ್ಲ. ಈ ಓಣಿಯಲ್ಲಿ ಇಷ್ಟು ಹೆಣ್ಣು, ಇಷ್ಟು ಗಂಡು, ಇಷ್ಟಕ್ಕೆ ಸೂಜಿಯಾಗಿಲ್ಲ ಎಂದು ಬರೆದು ಕೊಟ್ಟರೆ ಅಧಿಕಾರಿಯೂ ಪೆನ್ನು ಕೈಗೆ ತೆಗೆದುಕೊಳ್ಳಬೇಕಾಗುತ್ತದೆ.

ಉಣಿಸುವ ಕ್ರಮದ ಬಗ್ಗೆ ನಾಲ್ಕು ಮಾತು. ಬಸ್ ಸ್ಟ್ಯಾಂಡ್, ಶಾಲೆ, ದವಾಖಾನೆಯ ಮುಂದೆ ಹಾಕಬೇಡ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳ ಆವರಣದಿಂದ ಬೀದಿ ನಾಯಿಗಳನ್ನು ತೆಗೆದು ಆಶ್ರಯಕ್ಕೆ ಸಾಗಿಸಬೇಕೆಂದು ಹೇಳಿದೆ. ಅಲ್ಲಿ ನೀನು ಉಣಿಸಿ ರೂಢಿ ಮಾಡಿಸಿದರೆ ಆ ನಾಯಿ ತನ್ನ ಜಾಗ ಕಳೆದುಕೊಳ್ಳಲು ನೀನೇ ಕಾರಣನಾಗುತ್ತೀ. ಅದಕ್ಕೆ ಮೊದಲು, ಅದೇ ವರ್ಷದ ಆಗಸ್ಟ್ 22ರ ಆದೇಶದಲ್ಲಿ, ಎಲ್ಲೆಂದರಲ್ಲಿ ರಸ್ತೆಯ ಮೇಲೆ ಉಣಿಸಬಾರದು, ಅದಕ್ಕೆಂದೇ ಜಾಗ ಗುರುತಿಸಬೇಕು ಎಂದೂ ಕೋರ್ಟು ಹೇಳಿತ್ತು. ಪಂಚಾಯಿತಿಯವರ ಜೊತೆ ಕೂತು ಮಕ್ಕಳು ಆಡುವ ಬಯಲಿನಿಂದ, ನಾಲ್ಕು ಜನ ಕೂಡುವ ಕಟ್ಟೆಯಿಂದ ದೂರವಿರುವ ಜಾಗ ಗೊತ್ತುಮಾಡಿಸಿಕೊ. ಬಾಯಿಮಾತಿಗೆ ಬಿಡದೆ ಬರಹದಲ್ಲಿ ಮಾಡಿಸಿಕೊ. ಮಕ್ಕಳೂ ವಯಸ್ಸಾದವರೂ ಓಡಾಡದ ಹೊತ್ತು ಆರಿಸು. ಉಂಡಾದ ಮೇಲೆ ಎಲೆ, ಪ್ಲಾಸ್ಟಿಕ್ಕು, ಚೆಲ್ಲಿದ ಅನ್ನ ಎಲ್ಲ ಬಳಿದು ತೆಗೆದು ಆ ಜಾಗಕ್ಕೆ ನೀರು ಹಾಕಿ ಬಾ. ನಿನ್ನ ಜಾಗ ಸ್ವಚ್ಛವಾಗಿದ್ದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಏನು ಹಾಕಬೇಕು? ನಮ್ಮ ಜೋಳದ ರೊಟ್ಟಿಯೇ ಸಾಕು, ಮಜ್ಜಿಗೆಯಲ್ಲೋ ನೀರಿನಲ್ಲೋ ನೆನೆಸಿ ಕಿವುಚಿ ಹಾಕು. ಅನ್ನಕ್ಕೆ ಒಂದಿಷ್ಟು ಬೇಯಿಸಿದ ತತ್ತಿ ಅಥವಾ ಮಾಂಸದ ಚೂರು ಸೇರಿದರೆ ಇನ್ನೂ ಒಳ್ಳೆಯದು. ಮದುವೆ ಮನೆಯ ಖಾರದ ಸಾರು, ಉಳ್ಳಾಗಡ್ಡಿ ಬಿದ್ದ ಪಲ್ಯ, ಒಣದ್ರಾಕ್ಷಿ ಹಾಕಿದ ಸಿಹಿ, ಚಾಕೊಲೇಟು ಬೇಡ. ಉಳ್ಳಾಗಡ್ಡಿ ನಾಯಿಯ ರಕ್ತ ಕೆಡಿಸುತ್ತದೆ, ದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಬೆಂದ ಕೋಳಿ ಎಲುಬು ಚೂಪಾಗಿ ಒಡೆದು ಕರುಳಿಗೆ ನೆಡುತ್ತದೆ. ಹಳಸಿದ ಅನ್ನವನ್ನು ನೀನು ಉಣ್ಣುವುದಿಲ್ಲ ಎಂದಾದರೆ ನಾಯಿಗೂ ಹಾಕಬೇಡ. ಫೆಬ್ರವರಿ ಮುಗಿಯುತ್ತಲೇ ಅನ್ನಕ್ಕಿಂತ ನೀರು ಮುಖ್ಯ. ನಮ್ಮ ಕಡೆ ಬೇಸಿಗೆಯ ಬಿಸಿಲು 42 ಡಿಗ್ರಿ ದಾಟುತ್ತದೆ. ಓಣಿಗೊಂದು ಕಲ್ಲಿನ ದೋಣಿಯನ್ನೋ ಮಣ್ಣಿನ ಪರಾತವನ್ನೋ ನೆರಳಿನಲ್ಲಿ ಇಡಿಸು. ದಿನಾ ತೊಳೆದು ಹೊಸ ನೀರು ತುಂಬುವ ಹೊಣೆಯನ್ನು ಆ ಓಣಿಯ ಒಂದು ಮನೆಗೆ ವಹಿಸು. ಅದೇ ನೀರನ್ನು ಹಕ್ಕಿಯೂ ಬಿಡಾಡಿ ದನವೂ ಕುಡಿಯುತ್ತವೆ.

ಈಗ ಸೂಜಿಯ ವಿಷಯ. ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ಒಮ್ಮೆ ಮನುಷ್ಯನಲ್ಲಿ ಲಕ್ಷಣ ತೋರಿಸಿತೆಂದರೆ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು. ಆದರೆ ಕಚ್ಚಿದ ಕೂಡಲೇ ಸರಿಯಾಗಿ ಚಿಕಿತ್ಸೆ ಪಡೆದರೆ ಅದನ್ನು ಪೂರ್ತಿ ತಡೆಯಬಹುದು. 1885ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಒಬ್ಬ ಹುಡುಗನಿಗೆ ಮೊದಲ ಲಸಿಕೆ ಕೊಟ್ಟು ನೂರನಲವತ್ತು ವರ್ಷವಾಯಿತು. ಇಷ್ಟು ಹಳೆಯ ಔಷಧ ಇದ್ದೂ ಹಳ್ಳಿಗಳಲ್ಲಿ ಈ ರೋಗಕ್ಕೆ ಮಕ್ಕಳು ಸಾಯುವುದು ಬಹುಮಟ್ಟಿಗೆ ಗೊತ್ತಿಲ್ಲದ ಕಾರಣಕ್ಕೆ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ವರ್ಷ ವರ್ಷ ಸೂಜಿಯಾದರೆ ರೋಗ ಹರಡುವ ಸರಪಳಿ ತುಂಡಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ನೆರೆಯ ಗೋವಾ ಇದನ್ನು ಮಾಡಿ ತೋರಿಸಿತು. ಅಲ್ಲಿ ಓಣಿ ಓಣಿಗೆ ಹೋಗಿ ನಾಯಿ ಹಿಡಿದು ಸೂಜಿ ಹಾಕಿದರು, ಶಾಲೆಗಳಿಗೆ ಹೋಗಿ ಮಕ್ಕಳಿಗೆ ತಿಳಿಸಿದರು. 2021ರಲ್ಲಿ ಆ ರಾಜ್ಯ ತನ್ನನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿಕೊಂಡಿತು.

ಕುನ್ನಿಗೆ ಮೂರು ತಿಂಗಳಾದಾಗ ಮೊದಲ ಸೂಜಿ, ಆಮೇಲೆ ಡಾಕ್ಟರು ಹೇಳಿದಾಗ ಇನ್ನೊಂದು, ಅನಂತರ ವರ್ಷಕ್ಕೊಂದು. ಜುಲೈ 6 ಪ್ರಾಣಿಜನ್ಯ ರೋಗಗಳ ದಿನ, ಸೆಪ್ಟೆಂಬರ್ 28 ರೇಬೀಸ್ ದಿನ. ಈ ದಿನಗಳ ಸುತ್ತಮುತ್ತ ಪಶುಸಂಗೋಪನೆ ಇಲಾಖೆಯವರು ಉಚಿತ ಲಸಿಕೆ ಶಿಬಿರ ಮಾಡುತ್ತಾರೆ. ಅಲ್ಲಿಗೆ ಬರುವುದು ಬಹುಪಾಲು ಸಾಕಿದ ನಾಯಿಗಳು. ನೀನು ತಿಂಗಳು ಮೊದಲೇ ದನದ ದವಾಖಾನೆಗೆ ಹೋಗಿ, ನಮ್ಮ ಓಣಿಗಳ ಬೀದಿ ನಾಯಿಗಳಿಗೂ ಇಷ್ಟು ಡೋಸು ಬೇಕೆಂದು ನಿನ್ನ ನೋಟ್‌ಬುಕ್ ತೋರಿಸಿ ಕೇಳು. ಹಿಡಿದು ನಿಲ್ಲಿಸುವ ಹೊಣೆ ನಮ್ಮದು ಎನ್ನು. ಆದರೆ ಹಿಡಿಯುವುದಕ್ಕೆ ಮೊದಲು ನೀನೂ ನಿನ್ನ ಗೆಳೆಯರೂ ಮುಂಜಾಗ್ರತೆಯ ಲಸಿಕೆ ಹಾಕಿಸಿಕೊಳ್ಳಿರಿ. ದಿನಾ ನಾಯಿಗಳ ನಡುವೆ ಇರುವವನಿಗೆ ಅದು ತಪ್ಪಿಸಬಾರದ ಕೆಲಸ.

ಯಾರಿಗಾದರೂ ಕಚ್ಚಿದರೆ ಏನು ಮಾಡಬೇಕೆಂಬುದು ನಿನ್ನ ಬಾಯಲ್ಲೇ ಇರಬೇಕು. ಸಣ್ಣದಾದರೂ ಸರಿ, ಗೀರಾದರೂ ಸರಿ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಶಿನ, ಖಾರಪುಡಿ, ಸುಣ್ಣ ಏನನ್ನೂ ಮೆತ್ತಬಾರದು. ಮಂತ್ರ, ತಾಯತ, ನಾಟಿ ಔಷಧ ನಂಬಿ ಹೊತ್ತು ಕಳೆಯಬಾರದು. ನೇರ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಲಸಿಕೆ ಉಚಿತ. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡುವ ಇನ್ನೊಂದು ಔಷಧವೂ ಬೇಕು, ಅದನ್ನು ಇಮ್ಯುನೊಗ್ಲಾಬ್ಯುಲಿನ್ ಎನ್ನುತ್ತಾರೆ. ಅದು ಅಲ್ಲಿಲ್ಲದಿದ್ದರೆ ಲಸಿಕೆಯ ಮೊದಲ ಡೋಸು ಹಾಕಿಸಿಕೊಂಡು ಅದೇ ದಿನ ಕಲಬುರಗಿಗೆ ಹೊರಡಬೇಕು. ಒಂದೇ ಡೋಸು ಹಾಕಿಸಿಕೊಂಡು ಹತ್ತಿ ಬಿಡಿಸಲು ಹೋದವರು, ಗುಳೆ ಹೋದವರು ಉಳಿದ ಡೋಸು ಮರೆಯುತ್ತಾರೆ. ಅವರ ಮನೆಗೆ ಹೋಗಿ ನೆನಪು ಮಾಡುವುದೂ ನಿನ್ನ ಸೇವೆಯ ಭಾಗವೇ. ನಾಯಿ ಕಚ್ಚಿದವನ ಮನೆಗೆ ಮೊದಲು ಹೋಗುವವನು ನಾಯಿಗೆ ಉಣಿಸುವವನಾಗಿರಬೇಕು.

ಸಂತಾನಹರಣದ ವಿಷಯದಲ್ಲಿ ಜನ ಕೇಳುವ ಪ್ರಶ್ನೆ ಒಂದೇ: ಇಷ್ಟೆಲ್ಲ ಯಾಕೆ, ಕೊಂದುಬಿಟ್ಟರೆ ಆಗದೇ? ಇದಕ್ಕೆ ಮದ್ರಾಸ್ ಉತ್ತರ ಕೊಟ್ಟಿದೆ. ಅಲ್ಲಿಯ ನಗರಪಾಲಿಕೆ ನೂರಕ್ಕೂ ಹೆಚ್ಚು ವರ್ಷ ಬೀದಿ ನಾಯಿಗಳನ್ನು ಕೊಲ್ಲಿಸುತ್ತಲೇ ಇತ್ತು, ಆದರೂ ನಾಯಿಗಳು ಕಡಿಮೆಯಾಗಲಿಲ್ಲ. ಕೊನೆಗೆ 1990ರ ದಶಕದ ನಡುವೆ ಬ್ಲೂ ಕ್ರಾಸ್ ಸಂಸ್ಥೆಯ ಜೊತೆ ಸೇರಿ ಆಪರೇಷನ್ ಮತ್ತು ಸೂಜಿಯ ದಾರಿಗೆ ಬಂತು. ಕಾರಣ ಸರಳ. ತಿನ್ನಲು ಕಸ ಇರುವ ತನಕ ಒಂದು ಗುಂಪು ಹೋದರೆ ಪಕ್ಕದ ಊರಿನ ಇನ್ನೊಂದು ಗುಂಪು ಬಂದು ಆ ಜಾಗ ತುಂಬುತ್ತದೆ. ಬಂದ ಗುಂಪಿಗೆ ಸೂಜಿಯೂ ಆಗಿರುವುದಿಲ್ಲ, ಊರಿನ ಜನರ ಗುರುತೂ ಇರುವುದಿಲ್ಲ. ಆಪರೇಷನ್ ಆಗಿ ಸೂಜಿಯಾದ ಹಳೆಯ ನಾಯಿಗಳು ತಮ್ಮ ಓಣಿಯಲ್ಲೇ ಉಳಿದರೆ ಹೊಸಬರನ್ನು ಒಳಗೆ ಬಿಡುವುದಿಲ್ಲ, ಮರಿಯನ್ನೂ ಹಾಕುವುದಿಲ್ಲ. ಬೆದೆಯ ಕಾಲದ ಕಾದಾಟ, ಮರಿ ಕಾಯುವ ತಾಯಿ ಮೈಮೇಲೆ ಬರುವುದು, ಇವೆಲ್ಲ ತಗ್ಗುತ್ತವೆ. ಬೆಂಗಳೂರಿನಲ್ಲಿ 2019ರ ಎಣಿಕೆಯಲ್ಲಿ ಸುಮಾರು 3.10 ಲಕ್ಷ ಬೀದಿ ನಾಯಿಗಳಿದ್ದವು, 2023ರಲ್ಲಿ ಸುಮಾರು 2.79 ಲಕ್ಷ. ಅದೇ ಅವಧಿಯಲ್ಲಿ ಆಪರೇಷನ್ ಆದ ನಾಯಿಗಳ ಪ್ರಮಾಣ ನೂರಕ್ಕೆ 51ರಿಂದ ಸುಮಾರು 72ಕ್ಕೆ ಏರಿತ್ತು. ನಿಧಾನವಾದರೂ ದಾರಿ ಇದೇ.

ಕಾನೂನೂ ಇದನ್ನೇ ಹೇಳುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿ 2001ರಲ್ಲಿ ಮೊದಲು, ಆಮೇಲೆ 2023ರ ಮಾರ್ಚಿನಲ್ಲಿ ಹೊಸದಾಗಿ ನಿಯಮಗಳು ಬಂದಿವೆ. ಬೀದಿ ನಾಯಿಗೆ ಆಪರೇಷನ್ ಮಾಡಿಸುವ, ಸೂಜಿ ಹಾಕಿಸುವ ಹೊಣೆ ಸ್ಥಳೀಯ ಸಂಸ್ಥೆಯದು, ಅಂದರೆ ಪಂಚಾಯಿತಿಯದು, ನಗರಸಭೆಯದು. ಕೆಲಸ ಮಾಡುವ ಸಂಘಕ್ಕೆ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇರಬೇಕು. ಆಪರೇಷನ್ ಆದ ನಾಯಿಯ ಕಿವಿಯ ತುದಿ ಕತ್ತರಿಸಿ ಗುರುತು ಮಾಡುತ್ತಾರೆ, ಗಾಯ ಮಾಯುವ ತನಕ ಕೇಂದ್ರದಲ್ಲಿ ಇಟ್ಟುಕೊಂಡು, ಶಾಲೆ, ಆಸ್ಪತ್ರೆಯಂಥ ಆವರಣಗಳಿಂದ ತೆಗೆದದ್ದನ್ನು ಬಿಟ್ಟು ಉಳಿದವನ್ನು ಹಿಡಿದ ಜಾಗದಲ್ಲೇ ಬಿಡುತ್ತಾರೆ. ಆರು ತಿಂಗಳಾಗದ ಕುನ್ನಿಗೆ ಮಾಡುವಂತಿಲ್ಲ. ಮರಿಗೆ ಹಾಲೂಡುವ ತಾಯಿಯನ್ನು ಮರಿ ಎರಡು ತಿಂಗಳಾಗುವ ತನಕ ಮುಟ್ಟುವಂತಿಲ್ಲ. ರೇಬೀಸ್ ಬಂದದ್ದನ್ನೂ ವಿಪರೀತ ಮೈಮೇಲೆ ಬೀಳುವುದನ್ನೂ ತಿರುಗಿ ಬಿಡಬಾರದೆಂದು ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರ ಆದೇಶದಲ್ಲಿ ಸ್ಪಷ್ಟ ಮಾಡಿದೆ. ಅದಕ್ಕೆ ನೀನು ಅಡ್ಡ ಬರಬೇಡ. ಒಂದು ಕೆಟ್ಟ ನಾಯಿಯ ಪರ ಹಟ ಹಿಡಿದರೆ ನೂರು ಒಳ್ಳೆಯ ನಾಯಿಗಳ ಪರ ಮಾತಾಡುವ ಹಕ್ಕು ಕಳೆದುಕೊಳ್ಳುತ್ತೀ.

ಸಣ್ಣ ತಾಲ್ಲೂಕಿಗೆ ಬೇರೆಯೇ ಒಂದು ಕೇಂದ್ರ ಕಟ್ಟುವುದು ಕಷ್ಟ ಎಂದರೆ ಜೇವರ್ಗಿ, ಯಡ್ರಾಮಿ ಕೂಡಿ ಒಂದು ಕೇಂದ್ರ ಮಾಡಿರಿ ಎಂದು ಕೇಳು. ಅರ್ಜಿ ಬರೆ. ಒಂದು ಪ್ರತಿ ಪಂಚಾಯಿತಿಗೆ, ಒಂದು ತಹಶೀಲ್ದಾರರಿಗೆ, ಒಂದು ಪಶುಸಂಗೋಪನೆ ಇಲಾಖೆಗೆ, ಒಂದು ಜಿಲ್ಲಾಧಿಕಾರಿಗೆ. ಪ್ರತಿಯೊಂದಕ್ಕೂ ಸ್ವೀಕೃತಿ ತೆಗೆದುಕೊ. ನಿನ್ನ ಒಬ್ಬನ ಸಹಿ ಸಾಲದು. ಶಾಲೆಯ ಮುಖ್ಯ ಗುರುಗಳು, ಅಂಗನವಾಡಿ ಅಕ್ಕ, ಕುರಿ ಕಾಯುವವರು, ನಾಯಿ ಕಚ್ಚಿಸಿಕೊಂಡವರು, ಇವರೆಲ್ಲರ ಸಹಿ ಹಾಕಿಸು. ನಾಯಿಗೆ ಅಂಜುವವನ ಸಹಿಯೂ ನಾಯಿಯನ್ನು ಪ್ರೀತಿಸುವವನ ಸಹಿಯೂ ಒಂದೇ ಕಾಗದದ ಮೇಲೆ ಬಂದರೆ ಆ ಅರ್ಜಿಗೆ ಬೇರೆಯೇ ಬಲ ಬರುತ್ತದೆ. ಇಬ್ಬರಿಗೂ ಬೇಕಾದದ್ದು ಒಂದೇ ಅಲ್ಲವೇ: ಓಣಿಯಲ್ಲಿ ನಾಯಿ ಕಡಿಮೆ, ಇದ್ದವು ಆರೋಗ್ಯವಾಗಿರಬೇಕು.

ಆಪರೇಷನ್‌ನಲ್ಲಿ ಅವಸರ ಬೇಡ. ಅಗ್ಗಕ್ಕೆ ಮಾಡಿಕೊಡುತ್ತೇವೆ ಎಂದು ಬಂದವರ ಕೈಗೆ ನಾಯಿ ಕೊಡಬೇಡ. ಮಾನ್ಯತೆ ಕಾಗದ ಕೇಳು, ಪಶುವೈದ್ಯರು ಯಾರೆಂದು ಕೇಳು, ಆಪರೇಷನ್ ಆದ ಮೇಲೆ ಎಲ್ಲಿ ಇಡುತ್ತೀರಿ ಎಂದು ಹೋಗಿ ನೋಡು. ಹೆಣ್ಣು ನಾಯಿಯ ಹೊಟ್ಟೆ ಕೊಯ್ದು ಮಾಡುವ ಕೆಲಸ ಅದು. ಮೈಮರೆಸುವ ಔಷಧ, ಶುದ್ಧ ಉಪಕರಣ, ಕನಿಷ್ಠ ನಾಲ್ಕು ದಿನದ ಆರೈಕೆ ಬೇಕೇ ಬೇಕು. ಬೀದರಿನಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಕಷ್ಟದ ಕೇಸು, ಮುರಿದ ಕಾಲು, ಗಂಟು, ಇಂಥವುಗಳ ಬಗ್ಗೆ ನಮ್ಮ ಡಾಕ್ಟರು ಅಲ್ಲಿಗೆ ಒಯ್ಯಿರಿ ಎಂದರೆ ಒಯ್ಯಲು ಹಿಂಜರಿಯಬೇಡ. ತುರ್ತಿಗೆ ಪಶು ಸಂಜೀವಿನಿಯ 1962ಕ್ಕೆ ಫೋನು ಮಾಡಿ ಸಲಹೆ ಕೇಳು.

ದಿನನಿತ್ಯದ ಆರೈಕೆಯಲ್ಲಿ ಕೆಲವು ತಪ್ಪು ರೂಢಿಗಳನ್ನು ನೀನು ನಿಲ್ಲಿಸಬೇಕು. ಮೈಯೆಲ್ಲ ಕೂದಲುದುರಿ ಹುರುಕು ಹತ್ತಿದ ನಾಯಿಗೆ ಗ್ಯಾರೇಜಿನ ಸುಟ್ಟ ಆಯಿಲ್, ಸೀಮೆಎಣ್ಣೆ ಸುರಿಯುತ್ತಾರೆ. ಚರ್ಮ ಬೆಂದು, ನೆಕ್ಕಿದ ವಿಷ ಹೊಟ್ಟೆಗೆ ಹೋಗಿ ನಾಯಿ ನರಳುತ್ತದೆ. ಹುರುಕು ಸಣ್ಣ ನುಸಿಯಿಂದ ಬರುವ ರೋಗ. ಡಾಕ್ಟರು ಅದರ ತೂಕ ನೋಡಿ ಕೊಡುವ ಸೂಜಿ, ಗುಳಿಗೆಯಿಂದ ಕೆಲವೇ ವಾರಗಳಲ್ಲಿ ಹೊಸ ಕೂದಲು ಬರುತ್ತದೆ. ಮಳೆಗಾಲದಲ್ಲಿ ಗಾಯಕ್ಕೆ ನೊಣ ಕೂತು ಹುಳ ಬೀಳುತ್ತವೆ. ಮೊದಲ ದಿನವೇ ಕಂಡರೆ ಬದುಕುತ್ತದೆ, ಎಂಟು ದಿನ ಬಿಟ್ಟರೆ ಹುಳ ಮಾಂಸ ಕೊರೆದಿರುತ್ತವೆ. ದಿನಾ ಉಣಿಸುವ ನಿನ್ನ ಕಣ್ಣಿಗೇ ಅದು ಮೊದಲು ಬೀಳುವುದು. ನಮಗೆ ಜ್ವರಕ್ಕೆ, ಮೈಕೈ ನೋವಿಗೆ ಕೊಡುವ ಗುಳಿಗೆಗಳನ್ನು ಎಂದೂ ಹಾಕಬೇಡ. ಅವು ನಾಯಿಯ ಹೊಟ್ಟೆ, ಯಕೃತ್ತು, ಮೂತ್ರಪಿಂಡ ಕೆಡಿಸುತ್ತವೆ. ಕುನ್ನಿ ಮಂಕಾಗಿ, ವಾಂತಿಯಾಗಿ, ರಕ್ತ ಭೇದಿ ಶುರುವಾದರೆ ಗಂಟೆಗಳ ಲೆಕ್ಕ. ಬೇರೆ ಕುನ್ನಿಗಳಿಂದ ಬೇರೆ ಮಾಡಿ ದವಾಖಾನೆಗೆ ಒಯ್ಯಿ.

ಒಂದು ಎಚ್ಚರ ಮರೆಯಬೇಡ. ಗುರುತಿನ ನಾಯಿ ಇದ್ದಕ್ಕಿದ್ದಂತೆ ಜೊಲ್ಲು ಸುರಿಸುತ್ತ, ಕೆಳದವಡೆ ಜೋತು, ದನಿ ಬದಲಾಗಿ, ಗುರಿಯಿಲ್ಲದೆ ತಿರುಗುತ್ತಿದ್ದರೆ, ಇಲ್ಲವೆ ಕತ್ತಲ ಮೂಲೆಗೆ ಹೋಗಿ ಮಂಕಾಗಿ ಕೂತರೆ, ಎಷ್ಟೇ ಪ್ರೀತಿಯದಾದರೂ ಮುಟ್ಟಬೇಡ. ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕುವುದು ಬಹಳ ಅಪಾಯ. ಜನರನ್ನು ದೂರ ಇಡಿಸಿ ಪಶುವೈದ್ಯರಿಗೂ ಪಂಚಾಯಿತಿಗೂ ತಿಳಿಸು.

ಇನ್ನು ನೆರೆಹೊರೆ. ನಿನ್ನ ಕೆಲಸದ ಗೆಲುವು ಸೋಲು ಇರುವುದು ಅಲ್ಲಿ. ನಾಯಿ ಕಂಡರೆ ಎದೆ ನಡುಗುವ ಮುದುಕಿ ಇರುತ್ತಾಳೆ. ಮಗನ ಕಾಲಿಗೆ ನಾಯಿ ಕಚ್ಚಿದಾಗ ಲಸಿಕೆಗೆ ಓಡಾಡಿದ ತಾಯಿ ಇರುತ್ತಾಳೆ. ರಾತ್ರಿ ಹಟ್ಟಿಗೆ ನುಗ್ಗಿದ ನಾಯಿಗಳಿಂದ ಕುರಿಮರಿ ಕಳಕೊಂಡವನು ಇರುತ್ತಾನೆ. ಇವರ ಸಿಟ್ಟು ನಿಜವಾದ ನೋವಿನಿಂದ ಬಂದದ್ದು. ಅವರಿಗೆ ದಯೆಯ ಪಾಠ ಹೇಳಬೇಡ, ಅವರ ಮಾತು ಪೂರ್ತಿ ಕೇಳು. ಅಕ್ಕಾ, ನಿಮ್ಮ ಮನೆ ಮುಂದೆ ಹಾಕುವುದಿಲ್ಲ, ಈ ಓಣಿಯ ನಾಯಿಗಳಿಗೆ ಸೂಜಿಯಾಗಿದೆ ನೋಡಿ ಎಂದು ನೋಟ್‌ಬುಕ್ ತೋರಿಸು. ನಾಯಿಯ ಮೇಲಿನ ಕರುಣೆ ಮನುಷ್ಯನ ಅಂಜಿಕೆಯನ್ನು ಕಾಣದೆ ಹೋದರೆ ಅದು ಊರಿನಲ್ಲಿ ಬಾಳುವುದಿಲ್ಲ. ಯಾರಾದರೂ ಹೊಲಕ್ಕೆ ಹೊಡೆಯುವ ಔಷಧ ಬೆರೆಸಿ ನಾಯಿಗೆ ಇಟ್ಟರೆ ಅದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. ಆದರೆ ಆ ಕಲಮನ್ನು ಮಾತು ಮಾತಿಗೆ ಎತ್ತಿ ಯಾರನ್ನೂ ಹೆದರಿಸಬೇಡ. ವಿಷ ಹಾಕಿದ ಮೇಲೆ ಠಾಣೆಗೆ ಹೋಗುವುದಕ್ಕಿಂತ ವಿಷ ಹಾಕುವ ಮನಸ್ಸು ಬಾರದಂತೆ ಬದುಕುವುದು ದೊಡ್ಡದು.

ಶಾಲೆಯ ಮಕ್ಕಳ ಬಳಿ ಹೋಗು. ಮಲಗಿದ, ಉಣ್ಣುವ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದು, ಕಲ್ಲು ಎಸೆಯಬಾರದು, ಬಾಲ ಎಳೆಯಬಾರದು, ನಾಯಿ ಎದುರಾದರೆ ಚೀರಿ ಓಡದೆ ಕೈ ಮಡಚಿ ಸುಮ್ಮನೆ ನಿಲ್ಲಬೇಕು, ಕಚ್ಚಿದರೆ ಬೈಗುಳಕ್ಕೆ ಹೆದರಿ ಮುಚ್ಚಿಡದೆ ಮನೆಯಲ್ಲಿ ಹೇಳಬೇಕು ಎಂದು ಕಲಿಸು. ಕೊನೆಯದು ಎಲ್ಲಕ್ಕಿಂತ ಮುಖ್ಯ. ಪೆಟ್ಟು ಬೀಳುತ್ತದೆಂದು ಮುಚ್ಚಿಟ್ಟ ಗೀರೇ ಮಗುವಿನ ಜೀವ ತೆಗೆಯಬಹುದು. ಮಾಂಸದಂಗಡಿ, ಹೋಟೆಲಿನವರನ್ನು ಕಂಡು ಕಸವನ್ನು ಬಯಲಿಗೆ ಸುರಿಯದಂತೆ ಪಂಚಾಯಿತಿಯ ಮೂಲಕ ಹೇಳಿಸು. ಬಯಲಿನ ಕಸ ನಿಲ್ಲದೆ ನಾಯಿಗಳ ಗುಂಪು ಕರಗುವುದಿಲ್ಲ.

ಕುನ್ನಿಗಳಿಗೆ ಮನೆ ಹುಡುಕು. ದೊಡ್ಡ ದುಡ್ಡು ಕೊಟ್ಟು ಪರದೇಶದ ತಳಿ ತಂದು ನಮ್ಮ ಬಿಸಿಲಿನಲ್ಲಿ ಏದುಸಿರು ಬಿಡಿಸುವವರಿಗೆ ಹೇಳು: ಮುಧೋಳದ ನಾಯಿ ಈ ನಾಡಿನ ಹೆಮ್ಮೆಯಾದಂತೆ ನಮ್ಮ ಓಣಿಯ ಕುನ್ನಿಯೂ ಈ ಬಿಸಿಲಿಗೇ ಹುಟ್ಟಿದ್ದು, ರೊಟ್ಟಿಗೇ ಬೆಳೆಯುವುದು. ತೊಗರಿ ರಾಶಿ ಕಾಯಲು ಹೊಲದಲ್ಲಿ ಮಲಗುವವನಿಗೆ ಅದರ ಬೆಲೆ ಗೊತ್ತು. ಆದರೆ ಕೊಡುವಾಗ ಸೂಜಿ ಹಾಕಿಸುತ್ತೇನೆ, ಆರು ತಿಂಗಳಾದ ಮೇಲೆ ಆಪರೇಷನ್ ಮಾಡಿಸುತ್ತೇನೆ ಎಂಬ ಮಾತು ತೆಗೆದುಕೊ. ಹೆಣ್ಣು ಕುನ್ನಿ ಬೇಡ ಎನ್ನುವವರಿಗೆ ಆಪರೇಷನ್ ಆದರೆ ಆ ಚಿಂತೆ ಇಲ್ಲವೆಂದು ತಿಳಿಸು. ಊರ ಹೊರಗೆ ಬಿಟ್ಟು ಬರುವ ಕುನ್ನಿಗಳಲ್ಲಿ ಹೆಚ್ಚಿನವು ಹೆಣ್ಣೇ.

ನಿನ್ನ ಬಗ್ಗೆಯೂ ಒಂದು ಮಾತು. ದುಡಿದದ್ದೆಲ್ಲ ಇದಕ್ಕೇ ಸುರಿಯಬೇಡ. ಮನೆಯಲ್ಲಿ ಅಪ್ಪ ಅವ್ವನ ಔಷಧಕ್ಕೆ, ತಂಗಿಯ ಓದಿಗೆ ಇಟ್ಟದ್ದನ್ನು ಮುಟ್ಟಬೇಡ. ನಾಲ್ಕು ಗೆಳೆಯರನ್ನು ಕೂಡಿಸಿಕೊ. ಒಬ್ಬ ಉಣಿಸಲಿ, ಒಬ್ಬ ದವಾಖಾನೆಯ ಓಡಾಟ ನೋಡಲಿ, ಒಬ್ಬ ಅರ್ಜಿ ಕಾಗದ ನೋಡಲಿ, ಒಬ್ಬ ಲೆಕ್ಕ ಬರೆಯಲಿ. ಯಾರಾದರೂ ಹತ್ತು ರೂಪಾಯಿ ಕೊಟ್ಟರೂ ಅದರ ಲೆಕ್ಕ ಎಲ್ಲರಿಗೂ ಕಾಣುವಂತಿರಲಿ. ನೀನು ಸುಗ್ಗಿಗೆ ಹೋದ ದಿನವೂ ಕೆಲಸ ನಿಲ್ಲಬಾರದು. ಎಷ್ಟು ಮಾಡಿದರೂ ಕೆಲವು ಸಾಯುತ್ತವೆ. ಆ ದಿನ ಅತ್ತುಬಿಡು, ಮರುದಿನ ಉಳಿದವುಗಳ ಕಡೆ ನೋಡು.

ಮುಂದಿನ ತಿಂಗಳಿಗೆ ನಿನಗೆ ಮೂರೇ ಕೆಲಸ ಹೇಳುತ್ತೇನೆ. ಒಂದು ಓಣಿ ಆರಿಸಿ ಅಲ್ಲಿಯ ನಾಯಿಗಳನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆ. ಗೆಳೆಯರ ಜೊತೆ ಹೋಗಿ ನಿಮ್ಮ ಲಸಿಕೆ ಹಾಕಿಸಿಕೊಂಡು, ದನದ ದವಾಖಾನೆಯ ಡಾಕ್ಟರನ್ನು ಕಂಡು ಆ ಓಣಿಗೆ ಸೂಜಿಯ ದಿನ ಗೊತ್ತುಮಾಡು. ನಾಯಿಗೆ ಅಂಜುವ ಮನೆಯೊಂದರಿಂದ ಶುರುಮಾಡಿ ಸಹಿ ಹಾಕಿಸಿ ಸಂತಾನಹರಣ ಕೇಂದ್ರದ ಅರ್ಜಿ ಕೊಡು. ಸಹಿ ಹಾಕಿಸಲು ಹೊರಟಾಗ ನನ್ನನ್ನು ಕರೆ. ಬಾಗಿಲು ಬಾಗಿಲಿಗೆ ನಿನ್ನ ಜೊತೆ ಬರುತ್ತೇನೆ, ಮೊದಲ ಸಹಿ ನನ್ನದೇ ಇರಲಿ.